ಏದೆನ್ ತೋಟದ ಕಥೆ: ಯೆಹೂದಿಗಳ ಓದು, ಕ್ರೈಸ್ತರ ಓದು (ಪದೇ ಪದೇ ಕೇಳುವ ಪ್ರಶ್ನೆಗಳು)

ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ 2 ಮತ್ತು 3ನೇ ಅಧ್ಯಾಯಗಳು ಸೇರಿದರೆ 49 ವಚನಗಳು. ಕಾಫಿ ಆರುವುದರೊಳಗೆ ಓದಿ ಮುಗಿಸಬಹುದು. ಇಷ್ಟು ಚಿಕ್ಕ ಕಥೆಯ ಮೇಲೆ ಎರಡು ಸಾವಿರ ವರ್ಷಗಳಿಂದ ವಾದ ನಡೆಯುತ್ತಲೇ ಇದೆ. ನಮ್ಮಲ್ಲಿ ಬಹುತೇಕರಿಗೆ ಇದು ತಲುಪಿದ್ದು ಕ್ರೈಸ್ತರ ಮೂಲಕ, ಮಿಶನ್ ಶಾಲೆಯ ಪಾಠವಾಗಿಯೋ ಕ್ಯಾಲೆಂಡರಿನ ಚಿತ್ರವಾಗಿಯೋ. ಕಥೆಯ ತವರುಮನೆಯಲ್ಲಿ ಅದನ್ನು ಹೇಗೆ ಓದುತ್ತಾರೆ ಎಂದು ತಿಳಿದಾಗ ಅನೇಕರು ಹುಬ್ಬೇರಿಸುತ್ತಾರೆ. ಹಾಗೆ ಹುಬ್ಬೇರಿಸಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಎರಡೂ ಧರ್ಮದವರು ಓದುವುದು ಒಂದೇ ಕಥೆಯನ್ನೇ?

ಹೌದು, ಅಕ್ಷರಶಃ ಒಂದೇ. ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡುತ್ತಾನೆ. ಹೀಬ್ರೂವಿನಲ್ಲಿ ಮಣ್ಣು ‘ಅದಾಮಾ’, ಅದರಿಂದ ಬಂದವನು ‘ಆದಾಮ್’. ತೋಟದ ನಡುವೆ ಎರಡು ಮರಗಳಿವೆ: ಒಂದು ಜೀವವೃಕ್ಷ, ಇನ್ನೊಂದು ಒಳ್ಳೆಯದರ ಕೆಟ್ಟದ್ದರ ಅರಿವನ್ನು ಹುಟ್ಟಿಸುವ ಮರ. ಎರಡನೆಯದರ ಹಣ್ಣನ್ನು ತಿನ್ನಬಾರದು. ಸರ್ಪ ಬಂದು ಮಾತಿಗೆ ತೊಡಗುತ್ತದೆ, ಹೆಂಡತಿ ಹವ್ವ ತಿನ್ನುತ್ತಾಳೆ, ಗಂಡನಿಗೂ ಕೊಡುತ್ತಾಳೆ. ಕಣ್ಣು ತೆರೆಯುತ್ತದೆ, ನಾಚಿಕೆ ಬರುತ್ತದೆ. ವಿಚಾರಣೆ ನಡೆದು ಇಬ್ಬರೂ ತೋಟದಿಂದ ಹೊರಬೀಳುತ್ತಾರೆ. ಬಾಗಿಲಲ್ಲಿ ಕೆರೂಬಿಗಳ, ಅಂದರೆ ದೇವದೂತರ, ಕಾವಲು.

ಕಥೆಯಲ್ಲಿ ಏನೇನು ಇಲ್ಲ ಎಂಬುದನ್ನೂ ನೋಡಿ. ಸೇಬು ಇಲ್ಲ. ಸೈತಾನನಿಲ್ಲ. ‘ಪತನ’ ಎಂಬ ಮಾತಿಲ್ಲ. ‘ಪಾಪ’ ಎಂಬ ಪದವೂ ಇಲ್ಲ! ಹೀಬ್ರೂ ಬೈಬಲ್ಲಿನಲ್ಲಿ ಆ ಪದ ಮೊದಲು ಬರುವುದು 4ನೇ ಅಧ್ಯಾಯದಲ್ಲಿ, ಕಾಯಿನನು ತಮ್ಮ ಹೇಬೆಲನನ್ನು ಕೊಲ್ಲುವ ಮುನ್ನ. ಪಾಪವು ಬಾಗಿಲಲ್ಲಿ ಹೊಂಚುಹಾಕಿದೆ, ಆದರೂ ನೀನು ಅದನ್ನು ಆಳಬಲ್ಲೆ ಎಂದು ದೇವರು ಕಾಯಿನನಿಗೆ ಹೇಳುತ್ತಾನೆ. ಈ ವಚನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಭೇದ ಎಲ್ಲಿಂದ ಶುರುವಾಗುತ್ತದೆ?

ಕಥೆಯನ್ನು ಯಾವ ತುದಿಯಿಂದ ಓದುತ್ತೀರಿ ಎಂಬಲ್ಲಿಂದ. ಕ್ರೈಸ್ತರು ಶಿಲುಬೆಯ ಬಳಿ ನಿಂತು ಹಿಂದಕ್ಕೆ ನೋಡುತ್ತಾರೆ. ದೇವರೇ ಮನುಷ್ಯನಾಗಿ ಬಂದು ಸಾಯಬೇಕಾಯಿತು ಎಂದರೆ, ರೋಗ ಎಂಥದ್ದಿರಬೇಕು? ಮೊದಲು ಮದ್ದು ಸಿಕ್ಕಿತು, ಆಮೇಲೆ ರೋಗದ ಹುಡುಕಾಟ. ಆ ಹುಡುಕಾಟ ಏದೆನ್ ತೋಟಕ್ಕೆ ಬಂದು ನಿಂತಿತು. ಕ್ರೈಸ್ತ ಧರ್ಮವನ್ನು ಮೊದಲಿಗೆ ಹರಡಿದವರಲ್ಲೊಬ್ಬನಾದ ಪೌಲನ ಪತ್ರಗಳಲ್ಲಿ ಈ ಜೋಡಣೆ ಸ್ಪಷ್ಟವಾಗಿದೆ: ಆದಾಮನಿಂದ ಎಲ್ಲರೂ ಸಾಯುವಂತೆ ಕ್ರಿಸ್ತನಿಂದ ಎಲ್ಲರೂ ಜೀವ ಪಡೆಯುತ್ತಾರೆ. ಯೇಸು ‘ಕಡೇ ಆದಾಮ’.

ಯೆಹೂದಿ ಓದು ಮುಂದಕ್ಕೆ ಸಾಗುವ ಓದು. ಏದೆನ್ ಒಂದು ಎಡವಟ್ಟು, ಅದಾದ ಮೇಲೆ ಕಾಯಿನ, ಜಲಪ್ರಳಯ, ಬಾಬೆಲಿನ ಗೋಪುರ, ನಂತರ ಯೆಹೂದಿಗಳ ಮೂಲಪುರುಷ ಅಬ್ರಹಾಮ, ಸೀನಾಯಿ ಬೆಟ್ಟ. ಕಥೆಯ ತೂಕವೆಲ್ಲ ತೋರಾ, ಅಂದರೆ ದೇವರು ಮೋಶೆಗೆ ಕೊಟ್ಟ ಧರ್ಮಶಾಸ್ತ್ರ, ಸಿಕ್ಕಿದ ಸೀನಾಯಿಯ ಮೇಲಿದೆ, ತೋಟದ ಮೇಲಲ್ಲ. ಆದಿಕಾಂಡದ ಮೊದಲ ಕೆಲವು ಅಧ್ಯಾಯಗಳು ದಾಟಿದರೆ ಹೀಬ್ರೂ ಬೈಬಲ್ ಆದಾಮನನ್ನು ಹೆಚ್ಚುಕಡಿಮೆ ಮರೆತೇಬಿಡುತ್ತದೆ. ಪೂರ್ವಕಾಲವೃತ್ತಾಂತ ಎಂಬ ಪುಸ್ತಕದ ವಂಶಾವಳಿಯಲ್ಲಿ ಮೊದಲ ಹೆಸರಾಗಿ ಬರುತ್ತಾನೆ, ಅಷ್ಟೇ. ಪ್ರವಾದಿಗಳು ಜನರನ್ನು ಇಷ್ಟೊಂದು ಬೈಯುತ್ತಾರಲ್ಲ, ‘ನೀವು ಆದಾಮನಿಂದಲೇ ಕೆಟ್ಟವರು’ ಎಂಬ ಸಿದ್ಧಾಂತವನ್ನು ಅವರಲ್ಲಿ ಒಬ್ಬರೂ ಕಟ್ಟಲಿಲ್ಲ.

ಹಣ್ಣು ಸೇಬು ಎಂದು ಯಾರು ಹೇಳಿದರು?

ಲ್ಯಾಟಿನ್ ಭಾಷೆಯಲ್ಲಿ ‘ಮಾಲುಮ್’ ಎಂದರೆ ಸೇಬು, ಸ್ವರ ಹ್ರಸ್ವವಾದರೆ ‘ಮಲುಮ್’, ಅಂದರೆ ಕೆಡುಕು. ಯುರೋಪಿನಲ್ಲಿ ಸೇಬು ಜನಪ್ರಿಯವಾಗಲು ಈ ಶ್ಲೇಷೆಯೂ ನೆರವಾಗಿರಬೇಕು ಎಂಬುದು ಹಳೆಯ ಊಹೆ. ಮೇಲಾಗಿ ಚಿತ್ರಕಾರರಿಗೆ ಯಾವುದೋ ಒಂದು ಹಣ್ಣನ್ನು ಬರೆಯಲೇಬೇಕಿತ್ತು.

ರಬ್ಬಿಗಳ, ಅಂದರೆ ಯೆಹೂದಿ ಧರ್ಮಪಂಡಿತರ, ಚರ್ಚೆ ಇದಕ್ಕಿಂತ ರುಚಿಯಾಗಿದೆ. ಅಂಥ ಚರ್ಚೆಗಳನ್ನು ಕೂಡಿಸಿಟ್ಟ ದೊಡ್ಡ ಗ್ರಂಥವೇ ತಾಲ್ಮುದ್. ತಾಲ್ಮುದ್‌ನಲ್ಲಿ ರಬ್ಬಿ ಮೇಯಿರ್ ಅದು ದ್ರಾಕ್ಷಿ ಎನ್ನುತ್ತಾರೆ, ಮನುಷ್ಯನಿಗೆ ಗೋಳು ತರುವುದರಲ್ಲಿ ಮದ್ಯಕ್ಕೆ ಸಾಟಿಯಿಲ್ಲವಲ್ಲ. ರಬ್ಬಿ ನೆಹೆಮ್ಯ ಅಂಜೂರ ಎನ್ನುತ್ತಾರೆ: ಮಾನ ಮುಚ್ಚಿಕೊಳ್ಳಲು ಅವರಿಗೆ ಸಿಕ್ಕಿದ್ದು ಅಂಜೂರದ ಎಲೆ, ಕೆಡಿಸಿದ ಮರವೇ ಕಾಪಾಡಿತು. ರಬ್ಬಿ ಯೆಹೂದ ಅವರದು ಎಲ್ಲಕ್ಕಿಂತ ವಿಚಿತ್ರ, ಅದು ಗೋಧಿ! ಧಾನ್ಯದ ರುಚಿ ನೋಡುವವರೆಗೆ ಮಗುವಿಗೆ ಅಪ್ಪ, ಅಮ್ಮ ಎಂದು ಕರೆಯಲು ಬಾರದು, ಆದ್ದರಿಂದ ಅರಿವಿನ ಗಿಡ ಗೋಧಿಯೇ ಎಂಬುದು ಅವರ ತರ್ಕ. ಇನ್ನೊಂದು ಮಾತೂ ರಬ್ಬಿಗಳ ಬೈಬಲ್ ವ್ಯಾಖ್ಯಾನವಾದ ಮಿದ್ರಾಶ್‌ನಲ್ಲಿದೆ. ದೇವರು ಆ ಮರದ ಹೆಸರನ್ನು ಬೇಕೆಂದೇ ಹೇಳಲಿಲ್ಲ, ಲೋಕಕ್ಕೆ ಸಾವು ತಂದ ಮರವಿದು ಎಂದು ದಾರಿಹೋಕರು ಅದನ್ನು ಬೆರಳು ಮಾಡಿ ತೋರಿಸಬಾರದೆಂದು. ಮರದ ಮಾನವನ್ನೂ ಕಾಯುವ ಈ ವ್ಯಾಖ್ಯಾನ ನನಗೆ ಬಹಳ ಇಷ್ಟ.

ಸರ್ಪ ಸೈತಾನನಲ್ಲವೇ?

ಆದಿಕಾಂಡದ ಪ್ರಕಾರ ಅದು ಭೂಜಂತುಗಳಲ್ಲೆಲ್ಲ ಯುಕ್ತಿವಂತ ಪ್ರಾಣಿ, ಅಷ್ಟೇ. ಹೀಬ್ರೂವಿನಲ್ಲಿ ಇಲ್ಲೊಂದು ಪದವಿನೋದವಿದೆ: ಗಂಡಹೆಂಡಿರು ‘ಅರೂಮ್ಮೀಮ್’, ಬೆತ್ತಲೆ, ಸರ್ಪ ‘ಅರೂಮ್’, ಜಾಣ. ಅನುವಾದದಲ್ಲಿ ಇದು ಕಳೆದುಹೋಗುತ್ತದೆ.

ಸರ್ಪವನ್ನು ಪಿಶಾಚನೊಂದಿಗೆ ಬೆಸೆಯುವ ಮೊದಲ ಸುಳಿವು ಒಬ್ಬ ಯೆಹೂದಿ ಲೇಖಕನದೇ. ಗ್ರೀಕಿನಲ್ಲಿ ಬರೆದ ‘ಸೊಲೊಮೋನನ ಜ್ಞಾನ’ ಎಂಬ ಗ್ರಂಥವು ಪಿಶಾಚನ ಹೊಟ್ಟೆಕಿಚ್ಚಿನಿಂದ ಮರಣ ಲೋಕಕ್ಕೆ ಬಂತು ಎನ್ನುತ್ತದೆ. ಈ ಗ್ರಂಥ ಕಥೋಲಿಕರ ಬೈಬಲ್ಲಿನಲ್ಲಿದೆ, ಯೆಹೂದಿಗಳದರಲ್ಲಿ ಇಲ್ಲ. ಬೈಬಲ್ಲಿನ ಕ್ರೈಸ್ತ ಭಾಗವಾದ ಹೊಸ ಒಡಂಬಡಿಕೆಯ ಪ್ರಕಟನೆ ಗ್ರಂಥ ‘ಪುರಾತನ ಸರ್ಪ’ವೇ ಸೈತಾನ ಎಂದು ಖಚಿತಪಡಿಸಿತು. ಯೆಹೂದಿಗಳಲ್ಲೂ ಎಂಟನೇ ಶತಮಾನದ ಹೊತ್ತಿನ ಒಂದು ಮಿದ್ರಾಶ್ ಸಮಾಯೇಲ್ ಎಂಬ ದೂತನನ್ನು ಒಂಟೆಯಂಥ ಸರ್ಪದ ಬೆನ್ನೇರಿಸಿ ತೋಟಕ್ಕೆ ಕಳುಹಿಸುತ್ತದೆ. ಹನ್ನೊಂದನೇ ಶತಮಾನದ ವ್ಯಾಖ್ಯಾನಕಾರ ರಾಶಿಗೆ ಸರ್ಪವು ಸರ್ಪವೇ: ಹವ್ವಳನ್ನು ಕಂಡು ಆಸೆಪಟ್ಟ ಪ್ರಾಣಿ.

ಸರ್ಪದ ಶಾಪದಲ್ಲಿ, ಸ್ತ್ರೀಯ ಸಂತಾನವು ನಿನ್ನ ತಲೆಯನ್ನು ಜಜ್ಜುವುದು ಎಂಬ ಮಾತಿದೆ. ಯೆಹೂದಿ ಓದಿನಲ್ಲಿ ಇದು ಹಾವಿಗೂ ಮನುಷ್ಯನಿಗೂ ಇರುವ ಹಗೆಯ ಮೂಲ. ಕ್ರೈಸ್ತರಿಗೆ ಇದು ರಕ್ಷಕನ ಬಗೆಗಿನ ಮೊಟ್ಟಮೊದಲ ಶುಭವಾರ್ತೆ. ಲ್ಯಾಟಿನ್ ಬೈಬಲ್ಲಿನಲ್ಲಿ ಇಲ್ಲಿ ಸ್ತ್ರೀಲಿಂಗದ ಸರ್ವನಾಮ ಸೇರಿಕೊಂಡು, ಜಜ್ಜುವವಳು ‘ಅವಳು’ ಎಂದಾಯಿತು. ಮಂಗಳೂರು, ಬೆಂಗಳೂರು ಕಡೆಯ ಚರ್ಚುಗಳಲ್ಲಿ ಹಾವನ್ನು ಮೆಟ್ಟಿ ನಿಂತ, ಯೇಸುವಿನ ತಾಯಿ ಮರಿಯಮ್ಮನ ಪ್ರತಿಮೆ ನೋಡಿದ್ದರೆ, ಅದರ ಹಿಂದೆ ಈ ಸರ್ವನಾಮವಿದೆ.

ಮೂಲಪಾಪ ಎಂದರೇನು? ಅದು ಬೈಬಲ್ಲಿನಲ್ಲಿದೆಯೇ?

ಪದವಾಗಿ ಇಲ್ಲ. ಬೀಜವಾಗಿ ಪೌಲನು ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿದೆ: ಒಬ್ಬ ಮನುಷ್ಯನಿಂದ ಪಾಪವೂ ಪಾಪದಿಂದ ಮರಣವೂ ಲೋಕದೊಳಗೆ ಬಂದವು. ಮುಂದಿನ ತುಣುಕೇ ತಕರಾರಿನದು. ಗ್ರೀಕ್ ಮೂಲವನ್ನು ‘ಎಲ್ಲರೂ ಪಾಪ ಮಾಡಿದ್ದರಿಂದ’ ಮರಣ ಎಲ್ಲರನ್ನೂ ಮುಟ್ಟಿತು ಎಂದು ಓದುವುದು ಸಹಜ. ಕನ್ನಡ ಬೈಬಲ್ ಕೂಡ ಇದೇ ದಾರಿ ಹಿಡಿದಿದೆ. ಹಳೆಯ ಲ್ಯಾಟಿನ್ ಅನುವಾದ ಅದನ್ನು ‘ಅವನಲ್ಲಿ ಎಲ್ಲರೂ ಪಾಪ ಮಾಡಿದರು’ ಎಂಬ ಅರ್ಥ ಬರುವಂತೆ ಇಳಿಸಿತು.

ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ (354–430) ಓದಿದ್ದು ಆ ಲ್ಯಾಟಿನ್ನನ್ನು. ಆದಾಮನಲ್ಲಿ ನಾವೆಲ್ಲರೂ ಇದ್ದೆವು, ಆದ್ದರಿಂದ ಅವನ ಅಪರಾಧ ನಮ್ಮದೂ ಹೌದು, ಅದು ಹುಟ್ಟಿನ ಮೂಲಕವೇ ಹರಿದು ಬರುತ್ತದೆ ಎಂದು ಅವರು ವಾದಿಸಿದರು. ಎದುರಾಳಿ ಪೆಲಾಜಿಯಸ್ ವಾದ ಬೇರೆ: ಆದಾಮ ಹಾಕಿಕೊಟ್ಟದ್ದು ಕೆಟ್ಟ ಮೇಲ್ಪಂಕ್ತಿ ಮಾತ್ರ, ಒಳ್ಳೆಯವನಾಗುವ ಶಕ್ತಿ ಮನುಷ್ಯನಲ್ಲಿ ಉಳಿದೇ ಇದೆ. ಅಗಸ್ಟೀನರ ಕೈಯಲ್ಲಿ ಬಲವಾದ ಒಂದು ಅಸ್ತ್ರವಿತ್ತು. ಪಾಪವೇ ಇಲ್ಲದಿದ್ದರೆ ಹಸುಗೂಸಿಗೆ ಪಾಪ ತೊಳೆಯುವ ಜ್ಞಾನಸ್ನಾನ ಏಕೆ ಕೊಡುತ್ತೀರಿ? 418ರಲ್ಲಿ ಕಾರ್ಥೇಜಿನ ಸಭೆ ಪೆಲಾಜಿಯಸ್ ಪಂಥವನ್ನು ಖಂಡಿಸಿತು. 1546ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಮೂಲಪಾಪದ ಬೋಧನೆಯನ್ನು ಮತ್ತೆ ದೃಢಪಡಿಸಿತು. ಕಥೋಲಿಕ ಸಭೆಯೊಂದಿಗೆ ಬೇರೆಲ್ಲದಕ್ಕೂ ಜಗಳವಾಡಿದ ಪ್ರೊಟೆಸ್ಟೆಂಟ್ ಸುಧಾರಕರಾದ ಲೂಥರ್, ಕ್ಯಾಲ್ವಿನ್ ಈ ವಿಷಯದಲ್ಲಿ ಅಗಸ್ಟೀನರ ಶಿಷ್ಯರೇ.

ಇಂದಿನ ಕಥೋಲಿಕ ಬೋಧನೆ ಇದನ್ನು ಎಚ್ಚರದಿಂದ ಬಿಡಿಸಿ ಹೇಳುತ್ತದೆ: ಇದು ಮಾಡಿದ ಪಾಪವಲ್ಲ, ಅಂಟಿಬಂದ ಸ್ಥಿತಿ. ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಶಿಶುಗಳ ಗತಿಯೇನು ಎಂಬ ಪ್ರಶ್ನೆ ಶತಮಾನಗಳ ಕಾಲ ತಾಯಂದಿರನ್ನು ಅಳಿಸಿತು. ಅಂಥ ಶಿಶುಗಳ ರಕ್ಷಣೆಯನ್ನು ನಿರೀಕ್ಷಿಸಲು ಗಟ್ಟಿ ಆಧಾರಗಳಿವೆ ಎಂದು ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ 2007ರಲ್ಲಿ ಹೇಳಿತು.

ಇಲ್ಲೇ ಒಂದು ಗೊಂದಲವನ್ನೂ ತೀರಿಸಿಬಿಡೋಣ. ಡಿಸೆಂಬರ್ 8ರ ‘ಅಮಲೋದ್ಭವ’ ಹಬ್ಬ ಯೇಸು ಕನ್ಯೆಯಲ್ಲಿ ಹುಟ್ಟಿದ ಬಗ್ಗೆ ಅಲ್ಲ. ಮರಿಯಳು ತನ್ನ ತಾಯಿಯ ಗರ್ಭದಲ್ಲಿ ಮೂಲಪಾಪ ಸೋಂಕದೆ ಮೂಡಿದಳು ಎಂಬುದರ ಬಗ್ಗೆ. ಅದು ವಿಶ್ವಾಸಸತ್ಯವಾಗಿ ಘೋಷಣೆಯಾದದ್ದು 1854ರಲ್ಲಿ.

ಎಲ್ಲ ಕ್ರೈಸ್ತರೂ ಇದನ್ನು ಒಪ್ಪುತ್ತಾರೆಯೇ?

ಇಲ್ಲ. ಗ್ರೀಸ್, ರಷ್ಯ ಮೊದಲಾದ ಕಡೆಯ ಆರ್ಥಡಾಕ್ಸ್ ಸಭೆಗಳು ಪೌಲನನ್ನು ಗ್ರೀಕಿನಲ್ಲಿಯೇ ಓದಿಕೊಂಡು ಬಂದವು. ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ದುರ್ಬಲತೆ, ಅಪರಾಧವಲ್ಲ ಎಂಬುದು ಅವುಗಳ ನಿಲುವು. ಅಪ್ಪನ ರೋಗ ಮಗನಿಗೆ ಬರಬಹುದು, ಅಪ್ಪನ ಶಿಕ್ಷೆಯ ತೀರ್ಪು ಮಗನ ಹೆಸರಿಗೆ ಬರುವುದಿಲ್ಲ ಎನ್ನುವ ಹಾಗೆ. ಇನ್ನೂ ಹಿಂದೆ, ಎರಡನೇ ಶತಮಾನದಲ್ಲಿ ಲಿಯೋನ್ ಪಟ್ಟಣದ ಬಿಷಪ್ ಇರೆನಿಯಸ್, ಆದಾಮ ಹವ್ವರನ್ನು ಮಕ್ಕಳಂತೆ ಕಂಡರು: ಬೆಳೆಯುವ ಮುನ್ನವೇ ಎಡವಿದ ಮಕ್ಕಳು. ಹವ್ವಳ ಅವಿಧೇಯತೆಯ ಗಂಟನ್ನು ಮರಿಯಳ ವಿಧೇಯತೆ ಬಿಡಿಸಿತು ಎಂಬ ಮಾತೂ ಅವರದೇ.

ಯೆಹೂದಿಗಳಲ್ಲಿ ಇಂಥದ್ದು ಏನೂ ಇಲ್ಲವೇ?

‘ಇಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳುವವರನ್ನು ನಂಬಬೇಡಿ. ಸಾರದಲ್ಲಿ ಅದು ನಿಜ, ವಿವರದಲ್ಲಿ ಅಲ್ಲ.

ಯೆರೂಸಲೇಮಿನ ದೇವಾಲಯ ಕ್ರಿ.ಶ. 70ರಲ್ಲಿ ನಾಶವಾಯಿತು. ಆ ದುಃಖದಲ್ಲಿ ಹುಟ್ಟಿದ ಎರಡು ಯೆಹೂದಿ ಗ್ರಂಥಗಳಿವೆ. ಎಜ್ರನ ಹೆಸರಿನ ಒಂದರಲ್ಲಿ, ಅಯ್ಯೋ ಆದಾಮನೇ, ಪಾಪ ಮಾಡಿದವನು ನೀನಾದರೂ ಬಿದ್ದವನು ನೀನೊಬ್ಬನೇ ಅಲ್ಲ, ನಾವೂ ಬಿದ್ದೆವು ಎಂಬ ಗೋಳಿದೆ. ಬಾರೂಕನ ಹೆಸರಿನ ಇನ್ನೊಂದು ಅದಕ್ಕೆ ಉತ್ತರ ಕೊಟ್ಟಂತಿದೆ: ಆದಾಮ ಕಾರಣನಾದದ್ದು ತನಗೆ ಮಾತ್ರ, ನಮ್ಮಲ್ಲಿ ಪ್ರತಿಯೊಬ್ಬನೂ ತನಗೆ ತಾನೇ ಆದಾಮ. ಎರಡೂ ದನಿಗಳು ಒಂದೇ ಮನೆಯವು. ಪೌಲನೂ ಆ ಮನೆಯ ಹುಡುಗನೇ ಎಂಬುದನ್ನು ಮರೆಯಬಾರದು. ಕ್ರೈಸ್ತ ಪರಂಪರೆ ಮೊದಲ ದನಿಯನ್ನು ಹಿಡಿದು ಬೆಳೆಸಿತು, ರಬ್ಬಿಗಳ ಪರಂಪರೆ ಎರಡನೆಯದನ್ನು.

ತಾಲ್ಮುದ್‌ನಲ್ಲಿ ಸರ್ಪವು ಹವ್ವಳಲ್ಲಿ ಒಂದು ಬಗೆಯ ಕೊಳೆಯನ್ನು ತುಂಬಿತು ಎಂಬ ಮಾತಿದೆ. ಮೂಲಪಾಪಕ್ಕೆ ಇದು ಎಷ್ಟು ಹತ್ತಿರ ನೋಡಿ! ಆದರೆ ಅದರ ಬೆನ್ನಿಗೇ, ಸೀನಾಯಿಯಲ್ಲಿ ನಿಂತ ಇಸ್ರಾಯೇಲರಿಂದ ಆ ಕೊಳೆ ಬಿಟ್ಟುಹೋಯಿತು ಎಂಬ ಮಾತೂ ಇದೆ. ಇನ್ನೊಂದು ಕಡೆ, ಸ್ವಂತ ಪಾಪವೇ ಇಲ್ಲದೆ ಬರೀ ಸರ್ಪದ ದೆಸೆಯಿಂದ ಸತ್ತವರು ನಾಲ್ವರು ಎಂದು ಲೆಕ್ಕ ಕೊಟ್ಟಿದ್ದಾರೆ: ಯಾಕೋಬನ ಮಗ ಬೆನ್ಯಾಮೀನ, ಮೋಶೆಯ ತಂದೆ ಅಮ್ರಾಮ, ಅರಸ ದಾವೀದನ ತಂದೆ ಇಷಯ, ದಾವೀದನ ಮಗ ಕಿಲಾಬ. ಸಾವು ಆದಾಮನಿಂದ ಬಂದಿರಬಹುದು, ದೋಷ ಬರಲಿಲ್ಲ ಎಂಬುದು ಇದರ ಒಳಗುಟ್ಟು. ಯೆಹೂದಿಯೊಬ್ಬ ದಿನವೂ ಬೆಳಿಗ್ಗೆ ಹೇಳುವ ಪ್ರಾರ್ಥನೆಯೇ ‘ನನ್ನ ದೇವರೇ, ನೀನು ನನಗೆ ಕೊಟ್ಟ ಆತ್ಮ ಶುದ್ಧವಾಗಿದೆ’ ಎಂದು ಶುರುವಾಗುತ್ತದೆ. ಮಗ ತಂದೆಯ ದೋಷವನ್ನು ಹೊರುವುದಿಲ್ಲ ಎಂಬ ಪ್ರವಾದಿ ಯೆಹೆಜ್ಕೇಲನ ಮಾತು ಇದಕ್ಕೆ ಬೆಂಬಲ. ಎದುರಿಗೆ ಕ್ರೈಸ್ತರು, ತಾಯಿಯ ಗರ್ಭದಿಂದಲೇ ನಾನು ಪಾಪಿ ಎಂದು ಮೊರೆಯಿಡುವ 51ನೇ ಕೀರ್ತನೆಯನ್ನು ಇಡುತ್ತಾರೆ. ವಚನಕ್ಕೆ ವಚನ ಸಿಗುತ್ತದೆ, ಈ ಜಗಳ ವಚನಗಳಿಂದ ತೀರುವಂಥದ್ದಲ್ಲ.

ಮೂಲಪಾಪ ಇಲ್ಲದಿದ್ದರೆ ಮನುಷ್ಯ ಕೆಟ್ಟದ್ದನ್ನು ಏಕೆ ಮಾಡುತ್ತಾನೆ?

ರಬ್ಬಿಗಳ ಉತ್ತರ ‘ಯೇತ್ಸೆರ್’. ಮನುಷ್ಯನೊಳಗೆ ಎರಡು ಸೆಳೆತಗಳಿವೆ, ಒಳ್ಳೆಯದು ಮತ್ತು ಕೆಟ್ಟದ್ದು. ಕೆಟ್ಟ ಸೆಳೆತ ತೋಟದಲ್ಲಿ ಅಂಟಿದ ಸೋಂಕಲ್ಲ, ದೇವರ ಸೃಷ್ಟಿಯೇ. ಸೃಷ್ಟಿಯ ಆರನೇ ದಿನ ದೇವರು ಎಲ್ಲವನ್ನೂ ನೋಡಿ ‘ಬಹಳ ಒಳ್ಳೆಯದು’ ಎಂದನಲ್ಲ, ಆ ‘ಬಹಳ’ ಎಂಬುದು ಕೆಟ್ಟ ಸೆಳೆತವನ್ನು ಕುರಿತದ್ದು ಎಂದು ಒಂದು ಮಿದ್ರಾಶ್ ಹೇಳುತ್ತದೆ. ಅದಿಲ್ಲದಿದ್ದರೆ ಯಾರೂ ಮನೆ ಕಟ್ಟುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ, ಮಕ್ಕಳನ್ನು ಹೆರುತ್ತಿರಲಿಲ್ಲ, ವ್ಯಾಪಾರ ಮಾಡುತ್ತಿರಲಿಲ್ಲ! ಅದನ್ನು ಕೊಲ್ಲಬೇಕಿಲ್ಲ, ಮೂಗುದಾರ ಹಾಕಿದರೆ ಸಾಕು. ಕಾಯಿನನಿಗೆ ದೇವರು ಹೇಳಿದ ‘ನೀನು ಅದನ್ನು ಆಳಬಲ್ಲೆ’ ಎಂಬ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಆಳಲಾರೆ, ಅದಕ್ಕೇ ದೇವರ ಕೃಪೆ ಬೇಕು ಎಂಬುದು ಅಗಸ್ಟೀನರ ಅನುಭವ. ಇಬ್ಬರ ಮಾತೂ ಮನುಷ್ಯನನ್ನು ಚೆನ್ನಾಗಿ ಬಲ್ಲವರ ಮಾತೇ.

ಇದು ನಮ್ಮ ಕರ್ಮಸಿದ್ಧಾಂತದ ಹಾಗೆಯೇ?

ಅಲ್ಲ. ಕರ್ಮದಲ್ಲಿ ಹಿಂದಿನ ಜನ್ಮದ ಫಲವಾದರೂ ಮಾಡಿದವನು ನಾನೇ. ಮೂಲಪಾಪದಲ್ಲಿ ಮಾಡಿದವನು ಇನ್ನೊಬ್ಬ.

ತಪ್ಪೆಲ್ಲ ಹವ್ವಳದೇ?

ಹಣ್ಣು ಕೊಟ್ಟಾಗ ಗಂಡ ‘ಅವಳ ಸಂಗಡ’ ಇದ್ದ ಎಂದು ಹೀಬ್ರೂ ಪಾಠ ಹೇಳುತ್ತದೆ. ಅಂದರೆ ಇಡೀ ಸಂಭಾಷಣೆಯ ಹೊತ್ತಿಗೆ ಅವನು ಬಾಯಿ ಮುಚ್ಚಿಕೊಂಡು ಅಲ್ಲೇ ನಿಂತಿದ್ದ ಎಂದೂ ಓದಬಹುದು. ಜೆರೋಮರ ಲ್ಯಾಟಿನ್ ಅನುವಾದದಲ್ಲಿ ಆ ‘ಸಂಗಡ’ ಬಿಟ್ಟುಹೋಗಿದೆ. ವಿಚಾರಣೆಯಲ್ಲಿ ಆದಾಮ, ‘ನೀನು ಕೊಟ್ಟ ಹೆಂಗಸು’ ಎಂದು ಅವಳ ಮೇಲೂ ದೇವರ ಮೇಲೂ ಒಟ್ಟಿಗೇ ಹಾಕುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಹಾಗೆಂದವನು ಗಂಡಸು. ತಾಲ್ಮುದ್ ಈ ಮಾತಿಗಾಗಿ ಅವನನ್ನು ಉಪಕಾರ ಸ್ಮರಣೆಯಿಲ್ಲದವನು ಎಂದು ಜರೆಯುತ್ತದೆ.

ರಬ್ಬಿಗಳು ಹುಡುಕಿದ ಇನ್ನೊಂದು ಸೂಕ್ಷ್ಮವಿದೆ. ದೇವರು ಹೇಳಿದ್ದು ‘ತಿನ್ನಬಾರದು’ ಎಂದು ಮಾತ್ರ. ಹವ್ವಳು ಸರ್ಪಕ್ಕೆ ‘ಮುಟ್ಟಲೂ ಬಾರದು’ ಎನ್ನುತ್ತಾಳೆ. ಆ ಎರಡನೇ ಬೇಲಿಯನ್ನು ಹಾಕಿದವನು ಆದಾಮನೇ, ಹೆಂಡತಿಗೆ ಹೇಳುವಾಗ ತಾನೇ ಸೇರಿಸಿದ ಎಂದು ಒಂದು ಹಳೆಯ ಪಾಠವಿದೆ. ಸರ್ಪ ಮರವನ್ನು ಮುಟ್ಟಿ ಅಲುಗಾಡಿಸಿತು, ಏನೂ ಆಗಲಿಲ್ಲ. ಮುಟ್ಟಿದರೆ ಸಾಯದಿದ್ದರೆ ತಿಂದರೂ ಸಾಯುವುದಿಲ್ಲ ಎಂದು ಅವಳಿಗೆ ತೋರಿತು. ಸೇರಿಸಿದವನು ಕಳೆದ ಎಂದು ಗಾದೆಯನ್ನೇ ಮಾಡಿದ್ದಾರೆ. ನಿಯಮಗಳಿಗೆ ಬೇಲಿ ಕಟ್ಟುವುದನ್ನೇ ಕಸುಬಾಗಿಸಿಕೊಂಡ ರಬ್ಬಿಗಳು ಹೀಗೆ ತಮ್ಮನ್ನೇ ಎಚ್ಚರಿಸಿಕೊಳ್ಳುವುದು ಸ್ವಾರಸ್ಯ.

ಹಾಗೆಂದು ಯೆಹೂದಿಗಳು ಹವ್ವಳನ್ನು ದೂರಲೇ ಇಲ್ಲ ಎನ್ನುವಂತಿಲ್ಲ. ಹೆಣ್ಣಿನಿಂದಲೇ ಪಾಪ ಆರಂಭವಾಯಿತು, ಅವಳಿಂದಲೇ ನಾವೆಲ್ಲ ಸಾಯುತ್ತೇವೆ ಎಂದು ಕ್ರಿಸ್ತನಿಗಿಂತ ಮುಂಚಿನ ಯೆಹೂದಿ ಪಂಡಿತ ಬೆನ್ ಸಿರಾ ಬರೆದಿದ್ದಾನೆ. ಶುಕ್ರವಾರ ಸಂಜೆ ಸಬ್ಬತ್ (ವಾರದ ವಿಶ್ರಾಂತಿ ದಿನ) ದೀಪವನ್ನು ಹೆಂಗಸರೇ ಹಚ್ಚಬೇಕು, ಆದಾಮನ ಜೀವದ ದೀಪವನ್ನು ಆರಿಸಿದವಳು ಅವಳಲ್ಲವೇ ಎಂಬ ಮಿದ್ರಾಶ್ ಕೂಡ ಇದೆ. ಕ್ರೈಸ್ತರಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರ, ಮೋಸಹೋದವನು ಆದಾಮನಲ್ಲ, ಹೆಂಗಸು ಎನ್ನುತ್ತದೆ. ಆರಂಭಕಾಲದ ಕ್ರೈಸ್ತ ಲೇಖಕ ತೆರ್ತುಲಿಯನ್ ಹೆಂಗಸರನ್ನು ‘ಪಿಶಾಚನ ಹೆಬ್ಬಾಗಿಲು’ ಎಂದೇ ಕರೆದ. ಈ ಒಂದು ವಿಷಯದಲ್ಲಿ ಎರಡೂ ಪರಂಪರೆಗಳ ಗಂಡಸರು ಸಲೀಸಾಗಿ ಒಮ್ಮತಕ್ಕೆ ಬಂದಿದ್ದಾರೆ.

ಅವಳನ್ನು ಪಕ್ಕೆಲುಬಿನಿಂದ ಮಾಡಿದ್ದು ನಿಜವೇ?

ಹೀಬ್ರೂವಿನ ‘ತ್ಸೇಲಾ’ ಪದಕ್ಕೆ ಬೈಬಲ್ಲಿನ ಬೇರೆ ಕಡೆಗಳಲ್ಲಿ ಪಕ್ಕ, ಬದಿ ಎಂಬ ಅರ್ಥವಿದೆ. ಮೊದಲ ಮನುಷ್ಯ ಒಂದು ಬದಿ ಗಂಡು, ಇನ್ನೊಂದು ಬದಿ ಹೆಣ್ಣು ಆಗಿದ್ದ, ದೇವರು ನಡುವೆ ಸೀಳಿದ ಎಂದು ಕೆಲವು ರಬ್ಬಿಗಳು ಹೇಳುತ್ತಾರೆ. ನಮ್ಮ ಅರ್ಧನಾರೀಶ್ವರನನ್ನು ಬಲ್ಲವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಕನ್ನಡದ ‘ಪಕ್ಕೆಲುಬು’ ತಾನಾಗಿಯೇ ಪಕ್ಕವನ್ನೂ ಎಲುಬನ್ನೂ ಒಟ್ಟಿಗೆ ಹಿಡಿದಿದೆ, ಅನುವಾದಕರಿಗೆ ಅದೃಷ್ಟ ಕೂಡಿಬಂತು.

ತಿಂದ ದಿನವೇ ಸಾಯುವಿ ಎಂದು ದೇವರು ಹೇಳಿದ್ದ. ಆದಾಮ 930 ವರ್ಷ ಬದುಕಿದನಲ್ಲ?

ಇಲ್ಲಿ ಇಬ್ಬರೂ ಒಂದೇ ಏಣಿಯನ್ನು ಹತ್ತಿದ್ದಾರೆ. ದೇವರಿಗೆ ಒಂದು ದಿನವೆಂದರೆ ಸಾವಿರ ವರ್ಷ ಎಂದು ಕೀರ್ತನೆಯ ಮಾತಿದೆ; 930 ಸಾವಿರಕ್ಕೆ ಕಡಿಮೆ; ಆದ್ದರಿಂದ ಆದಾಮ ಆ ‘ದಿನ’ದೊಳಗೇ ಸತ್ತ. ರಬ್ಬಿಗಳೂ ಹೀಗೆ ಹೇಳಿದರು, ಇರೆನಿಯಸ್ಸರೂ ಹೇಳಿದರು. ಉಳಿದ 70 ವರ್ಷ ಎಲ್ಲಿ ಹೋಯಿತು ಎಂಬ ಲೆಕ್ಕ ಮಾತ್ರ ಯೆಹೂದಿ ಕಥೆಗಾರರದು: ಅದನ್ನು ಆದಾಮ ದಾವೀದನಿಗೆ ದಾನ ಮಾಡಿದ. ದಾವೀದ ಸತ್ತಾಗ ಅವನಿಗೆ ಸರಿಯಾಗಿ 70.

ಅರಿವು ಒಳ್ಳೆಯದಲ್ಲವೇ? ದೇವರು ಅದನ್ನು ಏಕೆ ತಡೆದ?

ಹನ್ನೆರಡನೇ ಶತಮಾನದ ಯೆಹೂದಿ ತತ್ವಜ್ಞಾನಿ ಮೈಮೊನಿಡಿಸ್‌ಗೂ ಈ ಪ್ರಶ್ನೆಯನ್ನು ಒಬ್ಬ ಪಂಡಿತ ಕೇಳಿದನಂತೆ: ತಪ್ಪು ಮಾಡಿದ್ದಕ್ಕೆ ಬಹುಮಾನವಾಗಿ ಬುದ್ಧಿ ಸಿಕ್ಕಿತೇ? ಅವರ ಉತ್ತರ: ಬುದ್ಧಿ ಮೊದಲೇ ಇತ್ತು. ತಿನ್ನುವ ಮುನ್ನ ಆದಾಮ ನಿಜ ಯಾವುದು, ಸುಳ್ಳು ಯಾವುದು ಎಂದು ನೋಡುತ್ತಿದ್ದ. ತಿಂದ ಮೇಲೆ ಚೆನ್ನ ಯಾವುದು, ಅಸಹ್ಯ ಯಾವುದು ಎಂದು ನೋಡತೊಡಗಿದ. ಸತ್ಯದಿಂದ ಅಭಿರುಚಿಗೆ ಇಳಿದದ್ದೇ ಶಿಕ್ಷೆ. ಕ್ರೈಸ್ತ ಓದಿನಲ್ಲಿ ಒತ್ತು ಅರಿವಿಗಿಂತ ಅಹಂಕಾರದ ಮೇಲೆ: ‘ದೇವರಂತೆ ಆಗುವಿರಿ’ ಎಂಬ ಸರ್ಪದ ಮಾತಿಗೆ ಅವರು ಸೋತರು. ಆದರೂ ಈಸ್ಟರ್ ಜಾಗರಣೆಯ ರಾತ್ರಿ ಹಾಡುವ ಹಳೆಯ ಸ್ತೋತ್ರವೊಂದು ಆದಾಮನ ತಪ್ಪನ್ನು ‘ಧನ್ಯ ಅಪರಾಧ’ ಎನ್ನುತ್ತದೆ, ಇಂಥ ರಕ್ಷಕನನ್ನು ನಮಗೆ ತಂದುಕೊಟ್ಟಿತಲ್ಲ ಎಂದು.

ತೋಟ ಎಲ್ಲಿತ್ತು?

ಅಲ್ಲಿಂದ ಹೊರಟ ನಾಲ್ಕು ನದಿಗಳಲ್ಲಿ ಟೈಗ್ರಿಸ್, ಯೂಫ್ರೆಟಿಸ್ ಇಂದಿಗೂ ಇರಾಕಿನಲ್ಲಿ ಹರಿಯುತ್ತಿವೆ. ಪೀಶೋನ್, ಗೀಹೋನ್ ಪತ್ತೆಯಿಲ್ಲ. ಒಂದನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್, ಪೀಶೋನ್ ಎಂದರೆ ಗಂಗೆ ಎಂದು ಬರೆದ.

ಆ ತೋಟಕ್ಕೆ ಮರಳಿ ಹೋಗುವ ದಾರಿ ಇದೆಯೇ?

ಯೆಹೂದಿಗಳಿಗೆ ಜೀವವೃಕ್ಷ ಪೂರ್ತಿ ಕೈತಪ್ಪಿಲ್ಲ. ಜ್ಞಾನವು ತನ್ನನ್ನು ಹಿಡಿದವರಿಗೆ ಜೀವವೃಕ್ಷ ಎಂಬ, ಬೈಬಲ್ಲಿನ ಜ್ಞಾನೋಕ್ತಿ ಪುಸ್ತಕದ ಮಾತನ್ನು ಅವರು ತೋರಾಕ್ಕೆ ಅನ್ವಯಿಸಿ, ಸುರುಳಿಯನ್ನು ಪೆಟ್ಟಿಗೆಗೆ ಮರಳಿಸುವಾಗ ಹಾಡುತ್ತಾರೆ. ಸುರುಳಿಯ ಮರದ ಹಿಡಿಕೆಗಳಿಗೂ ಅದೇ ಹೆಸರು, ‘ಏತ್ಸ್ ಹಯ್ಯಿಮ್’. ಸತ್ತವರಿಗಾಗಿ ಮಾಡುವ ಪ್ರಾರ್ಥನೆಯಲ್ಲಿ ಅವರ ವಿಶ್ರಾಂತಿ ಏದೆನ್ ತೋಟದಲ್ಲಿರಲಿ ಎಂದು ಬೇಡುತ್ತಾರೆ. ಕ್ರೈಸ್ತರಿಗೆ ಶಿಲುಬೆಯೇ ಜೀವವೃಕ್ಷ. ಬೈಬಲ್ಲಿನ ಕೊನೆಯ ಅಧ್ಯಾಯದಲ್ಲಿ ಅದು ಹೊಸ ಯೆರೂಸಲೇಮಿನ ನದಿಯ ದಡದಲ್ಲಿ ತಿಂಗಳಿಗೊಂದು ಫಲ ಬಿಡುತ್ತ ಮತ್ತೆ ಕಾಣಿಸಿಕೊಳ್ಳುತ್ತದೆ.

ಹೊರಗೆ ಹಾಕುವಾಗ ದೇವರಿಗೆ ಕನಿಕರ ಬರಲಿಲ್ಲವೇ?

ಬಂತು, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹೊರದೂಡುವ ಮುನ್ನ ದೇವರು ತಾನೇ ಅವರಿಗೆ ಚರ್ಮದ ಅಂಗಿ ಮಾಡಿ ತೊಡಿಸುತ್ತಾನೆ. ಕೆಲವು ಕ್ರೈಸ್ತ ಗುರುಗಳು ಆ ಚರ್ಮದಲ್ಲಿ ಸಾಯುವ ದೇಹದ ಸಂಕೇತವನ್ನು ಕಂಡರು. ರಬ್ಬಿ ಮೇಯಿರ್ ಅವರ ಪ್ರತಿಯಲ್ಲಿ ಒಂದೇ ಅಕ್ಷರ ಬೇರೆಯಿತ್ತಂತೆ, ‘ಚರ್ಮ’ದ ಬದಲು ‘ಬೆಳಕು’: ಬೆಳಕಿನ ಅಂಗಿ. ತೋರಾ ಬೆತ್ತಲೆಯವರಿಗೆ ಬಟ್ಟೆ ತೊಡಿಸುವ ದಯೆಯಿಂದ ಶುರುವಾಗಿ ಮೋಶೆಯನ್ನು ಮಣ್ಣು ಮಾಡುವ ದಯೆಯಲ್ಲಿ ಮುಗಿಯುತ್ತದೆ, ಎರಡನ್ನೂ ಮಾಡಿದವನು ದೇವರೇ ಎನ್ನುತ್ತದೆ ತಾಲ್ಮುದ್.

ಆದಾಮನ ಸಮಾಧಿ ಎಲ್ಲಿದೆ?

ಹೆಬ್ರೋನಿನ ಮಕ್ಪೇಲ ಗುಹೆಯಲ್ಲಿ, ಹವ್ವಳ ಪಕ್ಕದಲ್ಲಿ ಎಂಬುದು ಯೆಹೂದಿ ನಂಬಿಕೆ. ಯೆರೂಸಲೇಮಿನಲ್ಲಿ ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾದ ಬಂಡೆಯಡಿ ಎಂಬುದು ಹಳೆಯ ಕ್ರೈಸ್ತ ಐತಿಹ್ಯ. ಪವಿತ್ರ ಸಮಾಧಿಯ ಚರ್ಚಿನಲ್ಲಿ ಆ ಬಂಡೆಯ ಕೆಳಗೆ ‘ಆದಾಮನ ಗುಡಿ’ ಇದೆ. ಕೆಲವು ಶಿಲುಬೆಗಳ ಬುಡದಲ್ಲಿ ಯೇಸುವಿನ ಪಾದದ ಕೆಳಗೆ ಒಂದು ತಲೆಬುರುಡೆ ಕಾಣುತ್ತದಲ್ಲ, ಅದು ಆದಾಮನದು. ಎರಡು ಊರುಗಳ ನಡುವೆ ಸುಮಾರು 30 ಕಿಲೋಮೀಟರ್ ದಾರಿ.